ಯಾವೂರು

ಮಧುಗಿರಿ ಬಸ್ಸಿಂದ ಮೂವರು ಇಳಿದರು.
ಡೆನ್ಮಾರ್ಕಿನ ಹುಡುಗ, ಬಾಗಿಲಿಗೆ ಹಣೆ ಹೊಡೆಸಿಕೊಂಡೇ ಇಳಿದ.
ಕೊರಿಯಾದ ಸೂಜಿನ್. ಹೆಸರು ಕೇಳಿಯೇ
ಇಂಜೆಕ್ಷನ್ ಅಂದುಕೊಂಡು ಮಕ್ಕಳು ಓಡಿದವು.
ಕೊನೆಗೆ ಇವಳು,
ನಮಗಿಂತ ಒಂದು ಕೈ ಹೆಚ್ಚು ಕಪ್ಪು,
ತಲೆಗೆ ಬಟ್ಟೆ ಸುತ್ತಿ, ಕಳೆ ಕೀಳಲು ಹೊರಟವಳ ಹಾಗೆ.

ಸಣ್ಣೀರಕ್ಕ ಕಟ್ಟೆ ಮೇಲಿಂದಲೇ ಕೇಳಿದಳು:
'ಯಾವೂರಮ್ಮ?'
ಅವಳು ಗಕ್ಕನೆ ತಿರುಗಿದಳು,
ಎದೆ ಮೇಲೆ ಕೈಯಿಟ್ಟು 'ಅವೂರ್! ಅವೂರ್!' ಅಂದಳು.
ಅವಳ ಹೆಸರೇ ಅದು.
ಈ ಮುದುಕಿಗೆ ಹೇಗೆ ಗೊತ್ತಾಯಿತು ಅಂತ ಅವಳು,
ಆ ಊರು ಅಂದರೆ ಯಾವ ಊರು ಅಂತ ಸಣ್ಣೀರಕ್ಕ,
ನಡುವೆ ನಾನು, ಗುಲಾಬಿ ಸೀರೆಯ ಆಶಾ.
ಎಸೆಸೆಲ್ಸಿ ಇಂಗ್ಲಿಷಿನಲ್ಲಿ ಮೂವತ್ತೆಂಟು,
ತರ್ಜುಮೆಗೆ ದಿನಕ್ಕೆ ನೂರೈವತ್ತು.

ಡೆನ್ಮಾರ್ಕಿನವನು ಕೃಷಿ ಹೊಂಡಕ್ಕೆ ನಕ್ಷೆ ಬಿಡಿಸಿದ,
ಹುಡುಗರು ಅವನಿಗೆ ಹಾರೆ ಹಿಡಿಯುವುದು ಕಲಿಸಿದರು.
ಸೂಜಿನ್ ಹೈಸ್ಕೂಲು ಹುಡುಗಿಯರಿಗೆ
ಪಂಕ್ಚರ್ ಹಾಕುವುದು ಹೇಳಿಕೊಟ್ಟಳು.
ಈಗ ಪಾಳ್ಯದಲ್ಲಿ ಗೋಡೆಗೆ ಒರಗಿದ ಸೈಕಲ್ಲೇ ಇಲ್ಲ,
ಹುಡುಗರ ಸೈಕಲ್ಲಿಗೆ ಹುಡುಗಿಯರೇ ಹತ್ತು ರೂಪಾಯಿ ಕೇಳುತ್ತಾರೆ.

ಅಂಗನವಾಡಿಯಲ್ಲಿ ರಕ್ತ ಪರೀಕ್ಷೆ.
ಒಬ್ಬರೂ ಬೆರಳು ಕೊಡಲಿಲ್ಲ.
ಅವೂರ್ ತನ್ನದು ಮುಂದೆ ಹಿಡಿದಳು, ನಾನೇ ಚುಚ್ಚಿದೆ.
ಒಂಬತ್ತು ಪಾಯಿಂಟ್ ಎರಡು.
'ಎಷ್ಟಿರಬೇಕು?'
'ಹನ್ನೆರಡು.'
ಗೋಡೆಗಂಟಿ ಕೂತಿದ್ದವರೆಲ್ಲ ಎದ್ದು ಬಂದರು.
'ಅಯ್ಯೋ ಶಿವನೆ, ನಮ್ಮನ್ನ ಉದ್ಧಾರ ಮಾಡಕ್ಕೆ ಬಂದೋಳ
ಮೈಯಾಗೇ ರಕ್ತ ಇಲ್ವಲ್ಲೆ!'
ನಾನು ತರ್ಜುಮೆ ಮಾಡಿದ್ದು ಇಷ್ಟೇ:
ಇವರಿಗೆ ನಿನ್ನ ಮೇಲೆ ಪ್ರೀತಿ.

ದಾಸಮ್ಮ ಮುದ್ದೆ ತಂದಳು, ಮೇಲೆ ಅವರೆಕಾಳು ಸಾರು.
ಹೊರಗಿನವರು ಮುದ್ದೆ ಅಗಿಯುವುದ ನೋಡಿ ನಗಲೆಂದು
ನಾವು ಸುತ್ತ ಕೂತೆವು.
ಅವಳು ತುಂಡು ಮುರಿದು, ಹೆಬ್ಬೆರಳಲ್ಲಿ ಗುಳಿ ಒತ್ತಿ,
ಗುಳಿಯಲ್ಲಿ ಸಾರು ಹಿಡಿದಳು.
ಅಗಿದಳು, ನಿಜ. ಆದರೆ ಯಾರೂ ನಗಲಿಲ್ಲ,
ಕಣ್ಣು ತುಂಬಿಕೊಂಡವಳ ಮುಂದೆ ಹೇಗೆ ನಗುವುದು.
'ಕಾಲ್' ಅಂದಳು.
'ಕಾಳಾ?'
'ಕಾಲ್.' ಅವರಜ್ಜಿ ಕಲ್ಲಿನಲ್ಲಿ ಬೀಸುತ್ತಿದ್ದದ್ದು,
ಕೆರೆಯೆಂದರೆ ಸಮುದ್ರದಂಥ ಕೆರೆಯ ದಡದಲ್ಲಿ,
ಇದೇ ರಾಗಿ, ಇದೇ ತೆನೆ, ಮಡಚಿದ ಇದೇ ಬೆರಳು.
ಎಷ್ಟೋ ಸಾವಿರ ವರ್ಷದ ಹಿಂದೆ
ಅಲ್ಲಿಂದಲೇ ಇಲ್ಲಿಗೆ ಬಂತಂತೆ.

ಇದನ್ನು ಹೇಳಲೋ ಬೇಡವೋ.
ರಾಗಿ ನಮ್ಮದು ಅಂತ ಎಂಬತ್ತು ವರ್ಷ ಬದುಕಿದವಳ ಮುಂದೆ
ಹೇಳಿಯೇಬಿಟ್ಟೆ.
ಸಣ್ಣೀರಕ್ಕ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ
'ಹಂಗಾದ್ರೆ ರಾಗಿ ಇಲ್ಲಿಗೆ ಸೊಸೆ ಕಣಮ್ಮಿ,
ತವರಿಂದ ಒಬ್ಬಳು ನೋಡಕ್ಕೆ ಬಂದವಳೆ' ಅಂದಳು.

ಮೂವತ್ತು ಕಬ್ಬಿಣದ ಮಾತ್ರೆ ಎಣಿಸಿ ಕೊಟ್ಟಿದ್ದೆ.
ಮುಂದಿನ ವಾರ ಅಷ್ಟು ಜನರ ಮುಂದೆ
ಚೀಟಿ ಬಿಚ್ಚಿ ತೋರಿಸಿದಳು ಅವೂರ್:
ಇಪ್ಪತ್ತೆಂಟು ಹಾಗೇ ಇವೆ,
ಹೊಟ್ಟೆ ತೊಳಸುತ್ತದೆ, ಬಾಯೆಲ್ಲ ತುಕ್ಕು, ಕ್ಷಮಿಸು.
ಒಂದಕ್ಷರ ಬಿಡದೆ ತರ್ಜುಮೆ ಮಾಡಿದೆ.

ಯಾರೂ ಮಾತಾಡಲಿಲ್ಲ.
ಆಮೇಲೆ ದಾಸಮ್ಮ, ನಂದೂ ಅದೇ ಕತೆ, ಅಂದಳು.
ನಂದೂ. ನಂದೂ. ಬಾಗಿಲ ಹಿಂದಿನಿಂದ ಇನ್ನೊಂದು ನಂದೂ.
ಹನ್ನೊಂದು ವರ್ಷದ ನನ್ನ ರಿಜಿಸ್ಟರು,
ಕೆಂಪು ಶಾಯಿಯ ಗೀಟುಗಳು, ಒಂದೂ ತಪ್ಪಿಲ್ಲ, ಒಂದೂ ನಿಜವಲ್ಲ.
'ಮತ್ತೆ ಎಲ್ಲಿಗೆ ಹಾಕ್ತಿದ್ರಿ?'
'ತಿಪ್ಪೆಗೆ.'
'ಅದಕ್ಕೇ ಮತ್ತೆ ನಮ್ಮ ರಾಗಿ ಈಪಾಟಿ ಕೆಂಪು'
ಅಂದಳು ಸಣ್ಣೀರಕ್ಕ.
ನಾನು ಇಂಗ್ಲಿಷು ಹುಡುಕುವಷ್ಟರಲ್ಲಿ ಅವೂರ್ ನಕ್ಕಾಗಿತ್ತು.

ರಾತ್ರಿ ಮುದ್ದೆಯಾದ ಮೇಲೆ, ನಿಂಬೆಹುಳಿ ಹಿಂಡಿಕೊಂಡು,
ಹಾಗೆ ನುಂಗಿ ನೋಡೋಣ ಅಂತ ಮಾತಾಯಿತು.
ಶಿವರಾತ್ರಿ ಹೊತ್ತಿಗೆ ಮೂವರೂ ಹೊರಟರು.
ಎಷ್ಟು ಜನರಿಗೆ ಪ್ರಯೋಜನ ಎಂಬ ಫಾರಮ್ಮಿನ ಮನೆ
ಅವಳೂ ತುಂಬಲಿಲ್ಲ, ನಾನೂ.

ಆ ತಿಂಗಳು ಮನೆಮನೆಗೆ ಹೋಗಿ ಖಾಲಿ ಚೀಟಿ ಎಣಿಸಿದೆ.
ನಲವತ್ತೊಂದು ಹೆಂಗಸರಲ್ಲಿ ಹದಿನಾರು.
ಹಾಗೇ ಬರೆದೆ.
ಪಿಎಚ್‌ಸಿ ಡಾಕ್ಟರು ಕನ್ನಡಕ ಏರಿಸಿ ಬೈದರು:
ಹೋದ ತಿಂಗಳು ನಲವತ್ತೊಂದೂ ಇತ್ತಲ್ಲಮ್ಮ,
ಏನಾಯಿತು ನಿಮ್ಮೂರಿಗೆ?